ಗ್ರಂಥಕರ್ತನೇ ಪ್ರಕಾಶಕನಾದಾಗ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಹೇಳುತ್ತಲೇ ಲೇಖನಿಯನ್ನೂ ಹಿಡಿದಿರುವ ಉಪಾಧ್ಯಾಯರ ಸಂಖ್ಯೆ ಅಲ್ಪವೇನಲ್ಲ. ಒಬ್ಬರು ಕವಿತೆ ಬರೆಯುತ್ತಾರೆ. ಮತ್ತೊಬ್ಬರು ತಮ್ಮೂರಿನ ಕೆರೆ, ಕಲ್ಲು, ಜಾತ್ರೆಗಳ ಚರಿತ್ರೆಯನ್ನು ಕಲೆಹಾಕುತ್ತಾರೆ. ಮಗದೊಬ್ಬರು ಮಕ್ಕಳಿಗಾಗಿ ನಾಟಕ ರಚಿಸುತ್ತಾರೆ. ಹಸ್ತಪ್ರತಿ ಸಿದ್ಧವಾದ ಮೇಲೆ ಪ್ರಕಾಶಕರನ್ನು ಅರಸಿ ಬೆಂಗಳೂರು ಮೈಸೂರುಗಳಿಗೆ ಅಲೆದು, ಫಲ ಕಾಣದೆ, ಕೊನೆಗೆ ತಾವೇ ಹಣ ಹೂಡಿ ಅಚ್ಚುಹಾಕಿಸುವವರು ಇವರಲ್ಲಿ ಅನೇಕರು. ಹೀಗೆ ಗ್ರಂಥಕರ್ತನೇ ಪ್ರಕಾಶಕನಾಗುತ್ತಾನೆ.

ಬಿಡುಗಡೆಯ ದಿನ ಸಭಾಂಗಣ ತುಂಬಿರುತ್ತದೆ. ಹಾರ, ಶಾಲು, ಫಲತಾಂಬೂಲ, ಎರಡು ಒಳ್ಳೆಯ ಮಾತು. ಮರುದಿನ ಉಳಿದ ಪ್ರತಿಗಳ ಕಟ್ಟುಗಳು ಮನೆಯ ಅಟ್ಟವನ್ನು ಸೇರುತ್ತವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೆದ್ದಲು ಅವುಗಳ ಮೊದಲ ಓದುಗನಾಗುತ್ತದೆ. ಭವಿಷ್ಯನಿಧಿಯಿಂದ ತೆಗೆದ ಸಾಲದ ಕಂತು ಮಾತ್ರ ತಪ್ಪದೆ ಸಂಬಳದಿಂದ ಕಡಿತವಾಗುತ್ತಿರುತ್ತದೆ. ಇದು ಯಾರೋ ಒಬ್ಬರ ಕಥೆಯಲ್ಲ. ಪುಸ್ತಕ ಬರೆದ ಉಪಾಧ್ಯಾಯರ ಮನೆಗಳಲ್ಲಿ ಕಾಣಬರುವ ಸಾಮಾನ್ಯ ಸಂಗತಿ.

ಸ್ವಂತ ಪ್ರಕಾಶನಕ್ಕೆ ಇಳಿದ ಗ್ರಂಥಕರ್ತನ ಹೆಗಲ ಮೇಲೆ ಮೂರು ಹೊರೆಗಳು ಏಕಕಾಲಕ್ಕೆ ಬೀಳುತ್ತವೆ. ಕೈಗೆತ್ತಿಕೊಂಡ ಬರವಣಿಗೆಯನ್ನು ಮುಗಿಸುವುದು ಒಂದು. ಬರೆದುದನ್ನು ಜನರಿಗೆ ಮುಟ್ಟಿಸುವುದು ಎರಡು. ತಾನು ಓದುತ್ತ, ಕಲಿಯುತ್ತ, ತನ್ನ ತಿಳಿವನ್ನು ಬೆಳೆಸಿಕೊಳ್ಳುವುದು ಮೂರು. ಉಪಾಧ್ಯಾಯನಾದವನಿಗೆ ತರಗತಿಯೆಂಬ ಪ್ರಧಾನ ಕರ್ತವ್ಯ ಇವೆಲ್ಲಕ್ಕೂ ಮೊದಲೇ ಇದೆ. ಈ ಮೂರರ ನಡುವೆ ಸಮತೂಕ ಕಾಯುವುದು ಹೇಗೆ ಎಂಬುದೇ ಪ್ರಕೃತ ಪ್ರಶ್ನೆ.

ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿಯೇ ಒಂದು ಮಹತ್ತಾದ ನಿದರ್ಶನವಿದೆ. 1880ರಲ್ಲಿ ಜನಿಸಿದ ವೈ. ಸುಬ್ಬರಾಯರು ಶಾಲಾ ಉಪಾಧ್ಯಾಯರಾಗಿದ್ದವರು. ಶಂಕರರ ಭಾಷ್ಯಗಳನ್ನು ಸಂಸ್ಕೃತ ಬಾರದ ಕನ್ನಡಿಗನೂ ಓದುವಂತಾಗಬೇಕೆಂಬುದು ಅವರ ಹಂಬಲ. ಅದಕ್ಕಾಗಿ 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿದರು. 1937ರಲ್ಲಿ ಆ ಸಂಸ್ಥೆ ಹೊಳೆನರಸೀಪುರಕ್ಕೆ ಬಂದು ನೆಲೆಸಿತು. 1948ರಲ್ಲಿ ಸಂನ್ಯಾಸ ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳೆನಿಸಿದ ಮೇಲೂ ಅವರ ಲೇಖನಿ ವಿರಮಿಸಲಿಲ್ಲ. 1975ರಲ್ಲಿ ದೇಹ ಬಿಡುವ ವೇಳೆಗೆ ಕನ್ನಡ, ಸಂಸ್ಕೃತ, ಇಂಗ್ಲಿಷ್‌ಗಳಲ್ಲಿ ಅವರ ಇನ್ನೂರಕ್ಕೂ ಮಿಗಿಲಾದ ಗ್ರಂಥಗಳು ಹೊರಬಂದಿದ್ದವು. ಬರೆಯುವ ಕೈ, ಅಚ್ಚಿನ ಕೆಲಸ, ಮಾಸಪತ್ರಿಕೆ, ಪಾಠಪ್ರವಚನ, ಇವೆಲ್ಲ ಒಂದೇ ಸೂರಿನಡಿ ನಡೆದವು.

ಈ ಸಾಧನೆಯ ಕೀಲು ಎಲ್ಲಿದೆಯೆಂದು ವಿಚಾರಿಸಬೇಕು. ಅಲ್ಲಿ ಮೂರು ಹೊರೆಗಳು ಮೂರು ದಿಕ್ಕಿಗೆ ಎಳೆಯಲಿಲ್ಲ. ಭಾಷ್ಯವನ್ನು ಓದಿದ್ದೇ ಪಾಠವಾಯಿತು, ಪಾಠವೇ ಪುಸ್ತಕವಾಯಿತು, ಮಾಸಪತ್ರಿಕೆಯೇ ಪುಸ್ತಕಕ್ಕೆ ಓದುಗರನ್ನು ಕರೆತಂದಿತು. ವಿಷಯ ಒಂದೇ ಆದುದರಿಂದ ವೇಳೆ ಹಂಚಿಹೋಗಲಿಲ್ಲ. ಇಂದು ಒಂದು ಕವನಸಂಕಲನ, ಒಂದು ಪ್ರವಾಸಕಥನ, ಒಂದು ಜೀವನಚರಿತ್ರೆ ಇವನ್ನು ಒಟ್ಟಿಗೆ ಕೈಗೆತ್ತಿಕೊಂಡು ಯಾವುದನ್ನೂ ಪಕ್ವಗೊಳಿಸದೆ ಅಚ್ಚಿಗೆ ಕೊಡುವವರು ಈ ಒಂದು ಅಂಶವನ್ನಾದರೂ ಗಮನಿಸಬೇಕು.

ಅದೇ 1880ರಲ್ಲಿಯೇ ಜನಿಸಿದ ಮತ್ತೊಬ್ಬ ಮಹನೀಯರು ಫ. ಗು. ಹಳಕಟ್ಟಿಯವರು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ವಚನಗಳ ತಾಳೆಗರಿ, ಹಸ್ತಪ್ರತಿಗಳನ್ನು ಮನೆಮನೆಗಳಿಂದ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಪರರ ಮುದ್ರಣಾಲಯವನ್ನು ನಂಬಿ ಕೆಲಸ ಸಾಗದೆಂದು ತಿಳಿದು 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಇಂದು ಯಾವ ಶಾಲೆಯ ಮಗುವಾದರೂ ವಚನವೊಂದನ್ನು ಬಾಯಿಪಾಠ ಒಪ್ಪಿಸಿದರೆ ಅದರ ಹಿಂದೆ ಆ ಮಾರಿದ ಮನೆಯಿದೆ. ಆದರೆ ಈ ತ್ಯಾಗವನ್ನು ಕೊಂಡಾಡುವಾಗ ಒಂದು ಎಚ್ಚರಿಕೆ ಅಗತ್ಯ. ಹಳಕಟ್ಟಿಯವರು ಮನೆ ಮಾರಿದ್ದು ತಮ್ಮ ಹೆಸರಿಗಲ್ಲ. ತಡಮಾಡಿದರೆ ನಾಶವಾಗಿಬಿಡುತ್ತಿದ್ದ ಒಂದು ಸಾಹಿತ್ಯರಾಶಿಗೆ. ಅವರ ಉದಾಹರಣೆಯನ್ನು ಮುಂದೊಡ್ಡಿ, ತನ್ನ ಚೊಚ್ಚಲ ಸಂಕಲನಕ್ಕಾಗಿ ಹೆಂಡತಿಯ ಒಡವೆಯನ್ನು ಒತ್ತೆಯಿಡುವುದು ತ್ಯಾಗವೆನಿಸದು.

ಪುಸ್ತಕವನ್ನು ಮಾರುವುದು ಉಪಾಧ್ಯಾಯನ ಘನತೆಗೆ ಕುಂದು ಎಂದು ಹೇಳುವವರಿದ್ದಾರೆ. ಈ ಮಾತು ಒಪ್ಪತಕ್ಕದ್ದಲ್ಲ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ಸಹ ಉಪಾಧ್ಯಾಯರಾಗಿದ್ದವರೇ. ‘ಸದ್ಬೋಧ ಚಂದ್ರಿಕೆ’ಯನ್ನು ಬೆಳೆಸಿದ ಅವರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಓದುವ ಅಭ್ಯಾಸವೇ ಕುಗ್ಗಿದ್ದ ಸೀಮೆಯಲ್ಲಿ ಓದುಗರನ್ನು ಸೃಷ್ಟಿಸಿದ್ದು ಆ ಹೊರೆಯೇ. ಪ್ರಾಮಾಣಿಕವಾಗಿ ಬರೆದುದನ್ನು ನ್ಯಾಯವಾದ ಬೆಲೆಗೆ ಮಾರುವುದು ಕಾಯಕವೇ ಸರಿ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಹಾಗೆಂದು ಎಲ್ಲರೂ ಒಂದೇ ಮಾರ್ಗ ಹಿಡಿಯಬೇಕಾಗಿಯೂ ಇಲ್ಲ. ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲಲ್ಲೇ ಇರಿಸಿಕೊಂಡ ಅ. ನ. ಕೃಷ್ಣರಾಯರು ಲೇಖನಿಯನ್ನೇ ಜೀವನೋಪಾಯವಾಗಿ ಆರಿಸಿಕೊಂಡರು. 1971ರಲ್ಲಿ ನಿಧನರಾಗುವ ತನಕ ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಪತ್ರಿಕೆಗಳನ್ನು ಸಂಪಾದಿಸಿ, ವೇದಿಕೆಗಳಲ್ಲಿ ಕನ್ನಡಕ್ಕಾಗಿ ಗುಡುಗಿದರು. ಬರವಣಿಗೆಯೊಂದರಿಂದಲೇ ಬದುಕುವುದೆಂದರೆ ವೇಗವಾಗಿಯೂ ವಿಪುಲವಾಗಿಯೂ ಬರೆಯಲೇಬೇಕಾದ ನಿರ್ಬಂಧವೆಂಬುದನ್ನೂ ಆ ಜೀವನ ತೋರಿಸುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರದು ಮತ್ತೊಂದು ಮಾರ್ಗ. ನಿವೃತ್ತಿಯವರೆಗೂ ಅಧ್ಯಾಪಕ ವೃತ್ತಿಯನ್ನು ಬಿಡದೆ, ಪ್ರಕಟಣೆ ಮಾರಾಟಗಳ ಹೊರೆಯನ್ನು ಪ್ರಕಾಶಕರಿಗೆ ವಹಿಸಿ, ಉಳಿದ ವೇಳೆಯನ್ನು ಅಧ್ಯಯನಕ್ಕೂ ಬರವಣಿಗೆಗೂ ಮೀಸಲಿಟ್ಟರು. 2025ರ ಸೆಪ್ಟೆಂಬರಿನಲ್ಲಿ ಅವರು ಕಣ್ಮರೆಯಾದಾಗ ಅವರ ಕಾದಂಬರಿಗಳು ಭಾರತದ ಹಲವು ಭಾಷೆಗಳಿಗೆ ಹೋಗಿಯಾಗಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ, ಹಾಸನದಲ್ಲಿ ವಕೀಲರಾಗಿರುವ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳಿಗೆ ದೀಪಾ ಭಾಸ್ತಿಯವರ ಅನುವಾದದ ಮೂಲಕ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಿತು. ಆ ಕಥೆಗಳ ಹಿಂದೆ ಮೂರು ದಶಕಗಳ ಬರವಣಿಗೆಯಿದೆ. ಪ್ರಚಾರ ಬಂದದ್ದು ಕೊನೆಗೆ; ಕೆಲಸ ನಡೆದದ್ದು ಮೊದಲು. ಈ ಕ್ರಮ ತಿರುಗುಮುರುಗಾದಲ್ಲಿ ಎರಡೂ ನಿಲ್ಲವು.

ಇನ್ನು ವ್ಯವಹಾರದ ಮಾತು. ಹಿಂದೆ ಮೊಳೆ ಜೋಡಿಸಿ ಅಚ್ಚುಹಾಕುವ ಕಾಲದಲ್ಲಿ, ಆ ಮೇಲೆ ಆಫ್‌ಸೆಟ್ ಕಾಲದಲ್ಲಿಯೂ, ಸಾವಿರ ಪ್ರತಿಗಳನ್ನಾದರೂ ಮುದ್ರಿಸದಿದ್ದರೆ ಪ್ರತಿಯೊಂದರ ವೆಚ್ಚ ಮಿತಿಮೀರುತ್ತಿತ್ತು. ಈಗ ಡಿಜಿಟಲ್ ಮುದ್ರಣದಿಂದ ಐವತ್ತು ನೂರು ಪ್ರತಿಗಳನ್ನೂ ತೆಗೆಯಬಹುದು. ಮುಗಿದಾಗ ಮತ್ತೆ ತೆಗೆಯಬಹುದು. ಪ್ರತಿಯೊಂದಕ್ಕೆ ಕೊಂಚ ಹೆಚ್ಚು ಬಿದ್ದರೂ ಅಟ್ಟದ ಮೇಲಣ ಗೆದ್ದಲಿಗೆ ಸಲ್ಲುವ ಕಾಣಿಕೆ ಉಳಿಯುತ್ತದೆ. ಇಷ್ಟಾದರೂ ಸಾವಿರದ ಮೋಹ ಅನೇಕರನ್ನು ಬಿಟ್ಟಿಲ್ಲ. ಅಂಗಡಿಯವರ ರಿಯಾಯಿತಿ ಸಾಮಾನ್ಯವಾಗಿ ಮುಖಬೆಲೆಯ ಮೂರನೆಯ ಒಂದು ಭಾಗದಷ್ಟಾಗುತ್ತದೆ. ಪುಸ್ತಕಗಳಿಗೆಂದೇ ಇದ್ದ ಅಗ್ಗದ ನೋಂದಾಯಿತ ಅಂಚೆಯ ಸೌಲಭ್ಯ 2024ರ ಡಿಸೆಂಬರಿನಲ್ಲಿ ನಿಂತುಹೋದುದರಿಂದ ಊರಿಂದೂರಿಗೆ ಒಂದೊಂದು ಪ್ರತಿ ಕಳುಹಿಸುವ ಚಿಕ್ಕ ಪ್ರಕಾಶಕನಿಗೆ ದೊಡ್ಡ ಪೆಟ್ಟು ಬಿದ್ದಿತು. ಇವೆರಡನ್ನೂ ಲೆಕ್ಕಕ್ಕೆ ಹಿಡಿಯದೆ ಬೆಲೆ ಗೊತ್ತುಮಾಡುವವನು ಮಾರಿದಷ್ಟೂ ನಷ್ಟಪಡುತ್ತಾನೆ.

ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಯನ್ನು ನೆಚ್ಚಿ ಪುಸ್ತಕ ಅಚ್ಚುಹಾಕಿಸುವವರೂ ಇದ್ದಾರೆ. 1965ರ ಗ್ರಂಥಾಲಯ ಕಾಯಿದೆಯು ಕರದ ರೂಪದಲ್ಲಿ ಗ್ರಂಥಾಲಯಗಳಿಗೊಂದು ಆದಾಯ ಕಲ್ಪಿಸಿದ್ದು ಕನ್ನಡ ಪುಸ್ತಕೋದ್ಯಮಕ್ಕೆ ಮಹೋಪಕಾರವೇ ಆಯಿತು. ಆದರೆ ಆಯ್ಕೆಯಾಗುವುದು ಸಮಿತಿಯ ಕೈಯಲ್ಲಿದೆ. ಆಯ್ಕೆಯಾದರೂ ಹಣ ಕೈಸೇರುವುದಕ್ಕೆ ಕಾಲ ಹಿಡಿಯುತ್ತದೆ. ಬಂದರೆ ಭಾಗ್ಯವೆಂದುಕೊಳ್ಳಬಹುದೇ ಹೊರತು ಅದನ್ನೇ ಬಂಡವಾಳವೆಂದು ಎಣಿಸತಕ್ಕದ್ದಲ್ಲ.

ಎಲ್ಲಕ್ಕಿಂತ ಮುಖ್ಯವಾದ, ಹೇಳಲು ಕೊಂಚ ಕಹಿಯಾದ ವಿಷಯವೊಂದಿದೆ. ಪ್ರತಿಗಳು ಉಳಿದಾಗ ಉಪಾಧ್ಯಾಯನ ಕಣ್ಣು ಎದುರಿಗಿರುವ ಮಕ್ಕಳ ಮೇಲೆ ಬೀಳುವುದು ಸಹಜ. ತರಗತಿಯಲ್ಲಿ ‘ಎಲ್ಲರೂ ಒಂದೊಂದು ಪ್ರತಿ ಕೊಳ್ಳಿ’ ಎಂಬ ಒಂದು ಮಾತು ಸಾಕು. ಕೂಲಿಮಾಡುವ ತಂದೆ ಮರುಮಾತಾಡದೆ ಹಣ ಕೊಡುತ್ತಾನೆ, ಮೇಷ್ಟರಿಗೆ ಬೇಸರವಾದೀತೆಂಬ ಅಂಜಿಕೆಯಿಂದ. ಹೀಗೆ ಮಾರಿದ ಪ್ರತಿ ಓದುಗನನ್ನು ತಾರದು. ಪುಸ್ತಕವೆಂದರೆ ದಂಡವೆಂಬ ಭಾವನೆಯನ್ನು ಎಳೆಯ ಮನಸ್ಸಿನಲ್ಲಿ ಬಿತ್ತುತ್ತದೆ. ಅನ್ನ ಅಕ್ಷರಗಳನ್ನು ದಾಸೋಹವೆಂದು ಭಾವಿಸಿದ ವಿದ್ಯಾಸಂಸ್ಥೆಗಳ ಆವರಣದಲ್ಲಿ ಇದು ನಡೆಯಕೂಡದು. ಮಕ್ಕಳು ಲೇಖಕನಿಗೆ ಗಿರಾಕಿಗಳಲ್ಲ. ಆದರೆ ಅವರಿಗಿಂತ ಉತ್ತಮ ಪರೀಕ್ಷಕರೂ ಇಲ್ಲ. ಮಕ್ಕಳ ನಾಟಕವನ್ನು ಬರೆದವರು ಅಚ್ಚಿಗೆ ಕೊಡುವ ಮುನ್ನ ಅದನ್ನು ಶಾಲೆಯ ಅಂಗಳದಲ್ಲಿ ಆಡಿಸಿನೋಡಲಿ. ಎಲ್ಲಿ ಮಕ್ಕಳು ಆಕಳಿಸುತ್ತಾರೋ ಅಲ್ಲಿ ಕತ್ತರಿ ಆಡಿಸಬೇಕೆಂದು ತಿಳಿಯುತ್ತದೆ.

ಹಾಗಾದರೆ ಸಮತೂಕದ ಮಾರ್ಗ ಯಾವುದು? ಶಾಲಾವರ್ಷವೇ ಅದಕ್ಕೊಂದು ಪಂಚಾಂಗವನ್ನು ಹಾಕಿಕೊಟ್ಟಿದೆ. ಪಾಠಗಳು ನಡೆಯುವ ತಿಂಗಳುಗಳು ಓದಿಗೂ ಟಿಪ್ಪಣಿಗೂ ಸಲ್ಲಲಿ. ಬೇಸಿಗೆಯ ರಜೆ ಒಂದೇ ಒಂದು ಕೃತಿಯ ಬರವಣಿಗೆಗೆ ಸಲ್ಲಲಿ. ದಸರೆಯ ರಜೆ ಕರಡು ತಿದ್ದುವುದಕ್ಕಿರಲಿ. ರಾಜ್ಯೋತ್ಸವದಿಂದ ಜಾತ್ರೆಗಳ ಕಾಲದವರೆಗೆ ಭಾನುವಾರಗಳಲ್ಲಿ ಮಾರಾಟ ನಡೆಯಲಿ. ಅಚ್ಚಿಗೆ ಮುನ್ನವೇ ಪರಿಚಿತರಿಂದ ಮುಂಗಡ ಪಡೆದು, ಬಂದಷ್ಟಕ್ಕೆ ತಕ್ಕ ಪ್ರತಿ ಮುದ್ರಿಸಲಿ. ಮೊದಲ ಪುಸ್ತಕದ ಹಣ ಹಿಂದಿರುಗುವ ತನಕ ಎರಡನೆಯದನ್ನು ಅಚ್ಚಿಗೆ ಕೊಡದಿರಲಿ. ಹಾಸನದಲ್ಲಿ 1996ರಲ್ಲಿ, ಶ್ರವಣಬೆಳಗೊಳದಲ್ಲಿ 2015ರಲ್ಲಿ ಅಖಿಲ ಭಾರತ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕದ ಮಳಿಗೆಗಳಿಗೆ ಜನ ಮುಗಿಬಿದ್ದರು. ಅಂಥ ಪರ್ವಗಳು ಅಪರೂಪ. ಆದುದರಿಂದ ನಾಲ್ಕು ತಾಲ್ಲೂಕುಗಳ ಲೇಖಕರು, ಲೇಖಕಿಯರು ಕೂಡಿ ವಾರದ ಸಂತೆಯಲ್ಲಿ ಸರದಿಯ ಮೇಲೆ ಒಂದು ಮೇಜು ಹಾಕಿಕೊಂಡರೂ ಸಾಕು. ಒಬ್ಬ ಕುಳಿತು ಹತ್ತು ಜನರ ಪುಸ್ತಕ ಮಾರಿದರೆ ಉಳಿದ ಒಂಬತ್ತು ಜನಕ್ಕೆ ಓದಲು ಒಂದು ದಿನ ದೊರೆಯುತ್ತದೆ.

ಈ ಮೂರರಲ್ಲಿ ಮೊದಲು ಬಲಿಯಾಗುವುದು ಯಾವಾಗಲೂ ಅಧ್ಯಯನ. ಬರವಣಿಗೆ ನಿಂತರೆ ಸ್ನೇಹಿತರು ಕೇಳುತ್ತಾರೆ. ಮಾರಾಟ ನಿಂತರೆ ಸಾಲ ಕೊಟ್ಟವರು ಕೇಳುತ್ತಾರೆ. ಓದು ನಿಂತರೆ ಯಾರೂ ಕೇಳುವುದಿಲ್ಲ. ಕೆಲವು ವರ್ಷಗಳ ಮೇಲೆ ಪುಸ್ತಕ ಮಾತ್ರ ಅದನ್ನು ಬಹಿರಂಗವಾಗಿ ಸಾರುತ್ತದೆ. ಆದುದರಿಂದ ವೇಳೆ ಸಾಲದೆ ಬಂದಾಗ ಪ್ರಚಾರವನ್ನು ಮುಂದೂಡಬಹುದು, ಬರವಣಿಗೆಯನ್ನೂ ಮುಂದೂಡಬಹುದು, ಓದನ್ನು ಮುಂದೂಡಲಾಗದು.

ಕಡೆಯದಾಗಿ, ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಸಲ್ಲುವ ಒಂದು ವಿನಂತಿ. ಬರೆಯುವ ಗುರುಗಳಿಗೆ ಶಾಲು ಹೊದಿಸುವುದು ಸಂಪ್ರದಾಯ, ಅದು ನಡೆಯಲಿ. ಅದಕ್ಕೆ ತಗಲುವ ಹಣದಲ್ಲಿಯೇ ಅವರ ಪುಸ್ತಕದ ನಾಲ್ಕು ಪ್ರತಿಗಳನ್ನು ಪೂರ್ಣ ಬೆಲೆ ಕೊಟ್ಟು ಕೊಂಡು, ಒಂದನ್ನು ತಾವು ಓದಿ, ಮಿಕ್ಕವನ್ನು ಶಾಲೆಯ ವಾಚನಾಲಯಕ್ಕೆ ಕೊಟ್ಟರೆ ಮಕ್ಕಳಿಗೆ ಹಣದ ಹೊರೆಯಿಲ್ಲದೆ ಪುಸ್ತಕ ದೊರೆಯುತ್ತದೆ. ಗೌರವಪ್ರತಿ ಬೇಡುವುದನ್ನು ಬಿಟ್ಟರೆ ಅದೇ ಗೌರವ. ಓದಿದ ಮೇಲೆ ಒಂದು ಕಾಗದ ಬರೆದು, ಎಲ್ಲಿ ಚೆನ್ನಾಗಿದೆ, ಎಲ್ಲಿ ಸಡಿಲವಾಗಿದೆ ಎಂದು ತಿಳಿಸಿದರೆ ಆ ಕಾಗದ ಯಾವ ಪ್ರಶಸ್ತಿಪತ್ರಕ್ಕೂ ಕಡಿಮೆಯಲ್ಲ. ತನಗೆ ಅಕ್ಷರ ಕಲಿಸಿದವರ ಅಕ್ಷರವನ್ನು ಓದಿ ಮುಗಿಸುವುದಕ್ಕಿಂತ ಹಿರಿದಾದ ಗುರುಕಾಣಿಕೆ ಇನ್ನಾವುದಿದೆ?