ಸಾರು ಆಸ್ಪತ್ರೆಗೆ, ಕಾಳು ಮನೇಲಿ

1/8
ಮಂಡ್ಯ, ಮದ್ದೂರು, ಮಳವಳ್ಳಿ... ಯಾವ ಊರಿನ ಆಸ್ಪತ್ರೆಯಾದ್ರೂ ಸರಿ, ಮಧ್ಯಾಹ್ನದ ಊಟದ ಹೊತ್ತಿಗೆ ವಾರ್ಡಿಗೆ ಹೋಗಿ ನೋಡಿ. ಆಪರೇಷನ್ ಆದವರ ಮಂಚದ ಪಕ್ಕ ಏನಿರುತ್ತೆ? ನೋಡೋಕೆ ಬಂದವರು ತಂದ ಎಳನೀರು, ಬ್ರೆಡ್ಡು, ಬಿಸ್ಕತ್ತು. ಕ್ಯಾರಿಯರ್‌ನಲ್ಲಿ ಮೆತ್ತಗಿನ ಅನ್ನ, ಮೇಲೆ ತಿಳಿ ಸಾರು. ಮನೇಲಿ ಮಾಡಿದ್ದು ಬಸ್ಸಾರು. ಬಸಿದ ನೀರಿನ ಸಾರು ಆಸ್ಪತ್ರೆಗೆ ಬಂತು. ಕಾಳು-ಸೊಪ್ಪಿನ ಪಲ್ಯ ಮನೇಲಿ ಉಳೀತು. ಅದನ್ನ ತಿಂದವರು ಯಾರು? ಗಟ್ಟಿಮುಟ್ಟಾಗಿ ಇರೋರು!

ಹೊಲಿಗೆ ಹಾಕಿಸಿಕೊಂಡವರಿಗೆ ನೀರು, ಹಾಕಿಸಿಕೊಳ್ಳದವರಿಗೆ ಕಾಳು. ಇದಕ್ಕೆ ನಾವು ಇಟ್ಟಿರೋ ಹೆಸರು ಪಥ್ಯ.

ಆಪರೇಷನ್‌ಗೆ ಮುಂಚೆ ಹಸಿವಲ್ಲಿ ತೂಕ ಇಳಿಸೋದು, ಆದಮೇಲೆ ಪಥ್ಯದಲ್ಲಿ ಶಕ್ತಿ ಇಳಿಸೋದು: ಈ ಎರಡೂ ತಪ್ಪು. ಈ ಸರಣಿ ಪೂರ್ತಿ ಅದರ ವಿರುದ್ಧವೇ. ಕೋಪ ಬಂದ್ರೂ ಪೂರ್ತಿ ಓದಿ ಬೈಯ್ರಿ.

2/8
"ತೂಕ ಇಳಿಸ್ಕೊಂಡು ಬನ್ನಿ."

ಮಂಡಿ ನೋವಿಗೆ, ಹರ್ನಿಯಾಗೆ ತೋರಿಸೋಕೆ ಹೋದವರಿಗೆ ಸಿಗೋದು ಈ ಒಂದು ಸಾಲು. ಎಷ್ಟು ಕೆ.ಜಿ.? ಎಷ್ಟು ದಿನದಲ್ಲಿ? ಏನು ತಿಂದು? ಹೊರಗಡೆ ನಲವತ್ತು ಜನ ಕಾಯ್ತಿರ್ತಾರೆ, ಹೇಳೋಕೆ ಪುರುಸೊತ್ತಿಲ್ಲ. ಆ ಖಾಲಿ ಜಾಗಕ್ಕೆ ಬರೋರು ಯಾರು ಗೊತ್ತಾ? ಡಬ್ಬದ ಪುಡಿ ಮಾರೋ ಪಕ್ಕದ ಬೀದಿಯವರು, "ತಿಂಗಳಿಗೆ ಹತ್ತು ಕೆ.ಜಿ. ಗ್ಯಾರಂಟಿ" ಅನ್ನೋ ರೀಲ್ಸು.

ಅಕ್ಕ ಒಂದೂವರೆ ಚಪಾತಿಗೆ ಇಳೀತಾರೆ. ಮೂರು ವಾರಕ್ಕೆ ಆರು ಕೆ.ಜಿ. ಹೋಯ್ತು ಅಂತ ಊರೆಲ್ಲಾ ಹೊಗಳುತ್ತೆ. ಹೋಗಿದ್ದು ಬರೀ ಕೊಬ್ಬಲ್ಲ ಅಕ್ಕಾ. ನೀರು ಹೋಗಿದೆ, ಮಾಂಸಖಂಡ ಹೋಗಿದೆ. ಆಪರೇಷನ್ ಆದ ಮಾರನೇ ದಿನ ಮಂಚದಿಂದ ಎದ್ದು ನಿಲ್ಲಿಸಬೇಕಾಗಿದ್ದದ್ದು ಅದೇ ಮಾಂಸಖಂಡ. ಇನ್ನೊಂದು ವಿಚಾರ: ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ವೇಗವಾಗಿ ಇಳಿದವರಲ್ಲಿ ಪಿತ್ತಕೋಶದ ಕಲ್ಲು ಹೆಚ್ಚು. ಮಂಡಿ ಆಪರೇಷನ್‌ಗೆ ಅಂತ ಉಪವಾಸ ಬಿದ್ದು, ಇನ್ನೊಂದು ಆಪರೇಷನ್ ತಂದುಕೊಂಡ ಹಾಗೆ.

3/8
ಹಾಗಾದ್ರೆ ತೂಕ ಇಳಿಸೋದೇ ಬೇಡ್ವಾ? ಬೇಕು. ಒಂದು ಕೆ.ಜಿ. ಇಳಿದ್ರೆ, ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಬೀಳೋ ಭಾರ ಸುಮಾರು ನಾಲ್ಕು ಕೆ.ಜಿ. ಕಮ್ಮಿ ಆಗುತ್ತೆ. 80 ಕೆ.ಜಿ. ಇರೋರು 4 ಕೆ.ಜಿ. ಇಳಿದ್ರೆ ಹೆಜ್ಜೆಗೆ 16 ಕೆ.ಜಿ. ಹಗುರ. ಸಣ್ಣ ಮಾತಲ್ಲ.

ಆದ್ರೆ ವಾರಕ್ಕೆ ಅರ್ಧ ಕೆ.ಜಿ., ಜಾಸ್ತಿ ಅಂದ್ರೆ ಒಂದು. ಅಂದ್ರೆ ಆ 4 ಕೆ.ಜಿ.ಗೆ ಎರಡು ತಿಂಗಳು ಬೇಕು. ಮುಂದೂಡಬಹುದಾದ ಆಪರೇಷನ್ ಆದ್ರೆ ಆ ಟೈಮ್ ಇದ್ದೇ ಇದೆ.

ಮೂರು ಎಚ್ಚರಿಕೆ. ಕ್ಯಾನ್ಸರ್ ಅಥವಾ ತುರ್ತು ಆಪರೇಷನ್ ಆದ್ರೆ ತೂಕ ಇಳಿಯಲಿ ಅಂತ ಕಾಯೋ ಹಾಗೇ ಇಲ್ಲ. ಅಲ್ಲಿ ತಾನಾಗೇ ತೂಕ ಇಳಿತಿದ್ರೆ ಅದು ಅಪಾಯದ ಗಂಟೆ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಊಟ ಕಮ್ಮಿ ಮಾಡೋ ಮುಂಚೆ ಡೋಸ್ ಬಗ್ಗೆ ಕೇಳ್ಲೇಬೇಕು, ಇಲ್ಲಾಂದ್ರೆ ಶುಗರ್ ಕುಸಿದು ಬೀಳ್ತೀರಾ. ಬೊಜ್ಜಿಗೇ ಮಾಡೋ ಬೇರಿಯಾಟ್ರಿಕ್ ಆಪರೇಷನ್‌ಗೆ ಮುಂಚೆ ಒಂದೆರಡು ವಾರ ತುಂಬಾ ಕಮ್ಮಿ ಕ್ಯಾಲೊರಿ ಊಟ ಕೊಡ್ತಾರೆ, ಲಿವರ್ ಕುಗ್ಗಲಿ ಅಂತ. ಅದು ಡಾಕ್ಟರ್ ನಿಗಾದಲ್ಲಿ ಮಾಡೋದು. ಪಕ್ಕದ ಮನೆಯವರ ನಿಗಾದಲ್ಲಲ್ಲ.

4/8
ಈಗ ಬೈಸ್ಕೊಳ್ಳೋ ಮಾತು. ಮುದ್ದೆ.

ಒಂದು ಗುಂಪು ಹೇಳುತ್ತೆ: ಮುದ್ದೆ ಬಿಡಿ, ಓಟ್ಸ್ ತಿನ್ನಿ. ಇನ್ನೊಂದು ಗುಂಪು: ಮುದ್ದೆ ಎಷ್ಟು ತಿಂದ್ರೂ ಶುಗರ್ ಬರಕ್ಕಿಲ್ಲ ಕಣ್ರಿ. ಇಬ್ಬರೂ ತಪ್ಪು.

100 ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 320 ಕ್ಯಾಲೊರಿ. ಅಕ್ಕಿಗಿಂತ ಸ್ವಲ್ಪ ಕಮ್ಮಿ, ಅಷ್ಟೇ. ಅದೂ ಪಿಷ್ಟವೇ, ಶುಗರ್ ಏರಿಸುತ್ತೆ. ಆದ್ರೆ ನಾರು ಇದೆ, ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ ಇದೆ. ಪಾಲಿಶ್ ಅಕ್ಕೀಲಿ ಅದು ಇಲ್ಲವೇ ಇಲ್ಲ ಅನ್ನಿ.

"ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ" ಅನ್ನೋ ಗಾದೆ ನಮಗೆಲ್ಲ ಬಾಯಿಪಾಠ. ಬೆಟ್ಟ ಕೀಳೋರು ತಿನ್ನೋ ಅಳತೇನ ಬೈಕಲ್ಲಿ ಗದ್ದೆಗೆ ಹೋಗಿ ಬರೋರು ತಿಂದ್ರೆ ಹೊಟ್ಟೆಯೇ ಬೆಟ್ಟ ಆಗುತ್ತೆ. ಮುದ್ದೆ ಬಿಡಬೇಡಿ, ಸಣ್ಣದು ಮಾಡಿ. ಬಿಡಬೇಕಾಗಿರೋದು ಮುದ್ದೆ ಆದಮೇಲೆ ಬರೋ ಆ ಎರಡನೇ ಅನ್ನದ ರಾಶಿ.

ನಾಲೆ ನೀರು ಬಂದು ಭತ್ತ, ಕಬ್ಬು ಬಂತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ದುಡ್ಡು ಬಂತು, ಒಳ್ಳೇದೇ. ಆದ್ರೆ ತಟ್ಟೆಯಲ್ಲಿ ಅನ್ನ ಹಿಗ್ಗಿದ ಹಾಗೆ ಹುರುಳಿ ಹಿಂದಕ್ಕೆ ಸರೀತು. 100 ಗ್ರಾಂ ಹುರುಳೀಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಡಬ್ಬದ ಪುಡಿ ಮಾರೋರು ಇದನ್ನ ಯಾಕೆ ಹೇಳ್ತಾರೆ ಹೇಳಿ?

5/8
ಆಪರೇಷನ್ ಹಿಂದಿನ ರಾತ್ರಿ.

"ಹನ್ನೆರಡು ಗಂಟೆ ಮೇಲೆ ನೀರೂ ಮುಟ್ಟಬೇಡಿ." ಆಪರೇಷನ್ ಮಾತ್ರ ಮಾರನೇ ದಿನ ಮಧ್ಯಾಹ್ನ ಮೂರಕ್ಕೆ. ಹದಿನೈದು ಗಂಟೆ ಒಣಗಿ ಹೋದ ದೇಹನ ಟೇಬಲ್ ಮೇಲೆ ಮಲಗಿಸ್ತೀವಿ. ಅರಿವಳಿಕೆ ತಜ್ಞರ ಇವತ್ತಿನ ಸಾಮಾನ್ಯ ನಿಯಮ ಬೇರೆ: ಹಗುರ ಊಟಕ್ಕೆ 6 ಗಂಟೆ, ಜಿಡ್ಡಿನ ಊಟಕ್ಕೆ 8 ಗಂಟೆ, ಬರೀ ನೀರಿಗೆ 2 ಗಂಟೆ ಅಂತರ. ಹಾಲು, ಮಜ್ಜಿಗೆ, ಹಾಲಿನ ಕಾಫಿ ಇವು ನೀರಲ್ಲ, ನೆನಪಿರಲಿ. ಎಲ್ಲರಿಗೂ ಇದೇ ಲೆಕ್ಕ ಸರಿಹೋಗಲ್ಲ, ಅದಕ್ಕೇ ನೀವಾಗೇ ತೀರ್ಮಾನ ಮಾಡಬೇಡಿ. ಕೇಳಿ: "ನನ್ನ ಆಪರೇಷನ್ ಎಷ್ಟು ಗಂಟೆಗೆ? ನೀರು ಎಷ್ಟು ಗಂಟೆವರೆಗೆ?"

2025ರಿಂದ ನಮ್ಮ ದೇಶದಲ್ಲೂ ತೂಕ ಇಳಿಸೋ ವಾರಕ್ಕೊಂದು ಇಂಜೆಕ್ಷನ್‌ಗಳು ಜೋರಾಗಿವೆ. ಅವು ಹೊಟ್ಟೆ ಖಾಲಿಯಾಗೋದನ್ನ ನಿಧಾನ ಮಾಡ್ತವೆ. ಅರಿವಳಿಕೆ ಕೊಟ್ಟಾಗ ಹೊಟ್ಟೇಲಿರೋದು ಶ್ವಾಸಕೋಶಕ್ಕೆ ನುಗ್ಗಬಹುದು. ನಾಚಿಕೆ ಪಟ್ಟು ಮುಚ್ಚಿಡಬೇಡಿ. ಅರಿವಳಿಕೆ ಡಾಕ್ಟರಿಗೆ ಹೇಳ್ಲೇಬೇಕು.

6/8
ಆಪರೇಷನ್ ಆಯ್ತು. ಈಗ ಶುರು ನಮ್ಮೋರ ಕೋರ್ಟು.

"ಮೊಟ್ಟೆ ತಿಂದ್ರೆ ಕೀವಾಯ್ತದೆ." "ಕಾಳು ವಾಯು." "ಬದನೆಕಾಯಿ ನಂಜು ಕಣವ್ವಾ." ಸಿಸೇರಿಯನ್ ಆದ ಬಾಣಂತಿಗೆ ನೀರನ್ನೂ ಲೆಕ್ಕ ಹಾಕಿ ಕೊಡ್ತಾರೆ. ಮಲ ಗಟ್ಟಿಯಾಗಿ ಆ ಮಗಳು ಮುಕ್ಕಿದಾಗೆಲ್ಲ ಹೊಲಿಗೆ ಜಗ್ಗುತ್ತೆ. ಅದು ಯಾರ ಲೆಕ್ಕಕ್ಕೂ ಇಲ್ಲ.

ಅಜ್ಜಿ, ಅತ್ತೆಯರು ಕೆಟ್ಟವರಲ್ಲ. ಅರಿವಳಿಕೆ ಇಳಿಯೋ ಮೊದಲ ದಿನ ಹಗುರ ಊಟ ಸರಿಯೇ. ತಪ್ಪಾಗೋದು ಆ ಒಂದು ದಿನವನ್ನ ನಲವತ್ತು ದಿನಕ್ಕೆ ಎಳೆಯೋದರಲ್ಲಿ. ಕೀವು ಬರೋದು ರೋಗಾಣುವಿಂದ, ಏರಿದ ಶುಗರ್‌ನಿಂದ, ಕೊಳಕು ಕೈಯಿಂದ. ಮೊಟ್ಟೆಯಿಂದಲ್ಲ. ಗಾಯ ಕೂಡೋಕೆ ಬೇಕಾದ ಸಾಮಾನೇ ಪ್ರೋಟೀನ್. ಇಟ್ಟಿಗೆ ಕೊಡದೆ ಗೋಡೆ ಕಟ್ಟು ಅಂದ್ರೆ ಯಾವ ಗಾರೆಯವನು ಕಟ್ಟುತ್ತಾನೆ?

1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ ಕರುಳಿನ ಆಪರೇಷನ್ ಆದವರಿಗೇ ಬೇಗ ಊಟ ಕೊಟ್ಟು, ಬೇಗ ನಡೆಸಿ ತೋರಿಸಿದ್ರು. ಆಸ್ಪತ್ರೆಯಲ್ಲಿ ಮಲಗೋ ದಿನಗಳು ಕಮ್ಮಿ ಆದವು. ಕರುಳು ಕತ್ತರಿಸಿ ಜೋಡಿಸಿದವರೇ ತಿಂದ ಮೇಲೆ, ಮಂಡಿ ಆಪರೇಷನ್ ಆದವರಿಗೆ ಕಾಳು ಬೇಡ ಅನ್ನೋದಕ್ಕೆ ಏನು ಕಾರಣ ಉಳೀತು?

7/8 (ಸೇವ್ ಮಾಡ್ಕೊಳ್ಳಿ)
ಲೆಕ್ಕ ಹಾಕೋಣ. ಆರಾಮಾಗಿರೋ 60 ಕೆ.ಜಿ. ವ್ಯಕ್ತಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. ಆಪರೇಷನ್ ಆದಮೇಲೆ ಕೆ.ಜಿ.ಗೆ 1.2ರಿಂದ 1.5 ಗ್ರಾಂ, ಅಂದ್ರೆ 72ರಿಂದ 90.

ಎರಡು ಮೊಟ್ಟೆ: 12
50 ಗ್ರಾಂ ಹುರುಳಿ ಅಥವಾ ಅವರೆ: 11
ಎರಡು ಲೋಟ ಹಾಲು: 12
ಒಂದು ಬಟ್ಟಲು ಮೊಸರು: 6
ಒಂದು ಹಿಡಿ ಕಡಲೆಬೀಜ: 7
ಒಂದು ಮುದ್ದೆ: 7
100 ಗ್ರಾಂ ಕೋಳಿ: 20

ಒಟ್ಟು 75. ಕೋಳಿ ತಿನ್ನದವರು ಬೇಳೆ, ಕಾಳು, ಪನೀರ್ ಜಾಸ್ತಿ ಮಾಡಿ. ನಾಟಿ ಕೋಳಿ ಸಾರು ಕಳಿಸೋರು ಒಂದು ನೆನಪಿಟ್ಟುಕೊಳ್ಳಿ: ಶಕ್ತಿ ಇರೋದು ತುಂಡಲ್ಲಿ, ಬರೀ ನೀರಲ್ಲಲ್ಲ.

ಕಿಡ್ನಿ ತೊಂದರೆ ಇರೋರಿಗೆ ಈ ಲೆಕ್ಕ ಬೇರೆ. ಅವರಿಗೆ ಎಳನೀರಿನ ಪೊಟ್ಯಾಸಿಯಂ ಕೂಡ ಅಪಾಯ ಆಗಬಹುದು. ಮದ್ದೂರಿನ ಎಳನೀರು ಮಾರುಕಟ್ಟೆ ನಮ್ಮ ಹೆಮ್ಮೆ, ಒಪ್ಪಿದೆ. ಆದ್ರೆ ರೋಗಿ ನೋಡೋಕೆ ಹೋಗುವಾಗ ಆರು ಬೇಯಿಸಿದ ಮೊಟ್ಟೆ ತಗೊಂಡು ಹೋದ್ರೆ ನಿಮ್ಮ ಮರ್ಯಾದೆ ಏನೂ ಹೋಗಲ್ಲ.

8/8
ತೂಕ ಮತ್ತೆ ಯಾವಾಗ ಇಳಿಸೋದು? ಮೊದಲೆರಡು ವಾರ ತಕ್ಕಡಿ ಹತ್ತಲೇಬೇಡಿ. ಡ್ರಿಪ್ ನೀರು, ಊತ ಸೇರಿ ಸುಳ್ಳು ಹೇಳುತ್ತೆ. ಗಾಯ ಕೂಡಿ, ಡಾಕ್ಟರ್ ಸರಿ ಅಂದಮೇಲೆ ಮತ್ತೆ ಅದೇ ಅರ್ಧ ಕೆ.ಜಿ. ಲೆಕ್ಕ. ಕಾಫಿ ಟೀಗೆ ಎರಡೆರಡು ಚಮಚ ಸಕ್ಕರೆ ಹಾಕಿ ನಾಲ್ಕು ಲೋಟ ಕುಡಿದ್ರೆ 160 ಕ್ಯಾಲೊರಿ. ಅಲ್ಲಿಂದ ಶುರು ಮಾಡಿ. ಮದ್ದೂರು ವಡೆ ದಿನಾ ಬೇಡ, ಹಬ್ಬಕ್ಕಿರಲಿ. ಕಾಳಿಗೆ ಮಾತ್ರ ಕತ್ತರಿ ಹಾಕಬೇಡಿ.

ಆತುರದ ಬೆಲೆ ನಾವು ನೋಡಿದ್ದೀವಿ. 2022ರ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಕೊಬ್ಬು ತೆಗೆಸೋ ಆಪರೇಷನ್‌ಗೆ ಹೋದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡ್ರು. ವಯಸ್ಸು 21. "ದಪ್ಪ ಆಗಿದ್ದೀಯ" ಅಂತ ಹೆಣ್ಣುಮಕ್ಕಳಿಗೆ ದಿನಾ ಹೇಳೋ ಬಾಯಿಗಳು ಆ ವಯಸ್ಸನ್ನ ಒಂದ್ಸಲ ನೆನೆಸಿಕೊಳ್ಳಲಿ.

ನಿಮ್ಮ ಮುಂದಿನ ಭೇಟಿಯಲ್ಲಿ ಚೀಟಿ ಮಡಚಿಕೊಂಡು ಸುಮ್ಮನೆ ಎದ್ದು ಬರಬೇಡಿ. ಕೂತು ಕೇಳಿ: "ಎಷ್ಟು ಕೆ.ಜಿ. ಸಾರ್? ಎಷ್ಟು ವಾರದಲ್ಲಿ? ಶುಗರ್, ರಕ್ತ ಸಾಕಷ್ಟಿದ್ಯಾ? ಆಪರೇಷನ್ ಆದಮೇಲೆ ಯಾವತ್ತಿಂದ ಮುದ್ದೆ, ಮೊಟ್ಟೆ, ಕಾಳು ತಿನ್ನಬಹುದು? ಬರೆದುಕೊಡಿ." ಮಾತ್ರೆ ಬರೆಯೋ ಚೀಟೀಲೇ ಊಟಕ್ಕೂ ನಾಲ್ಕು ಸಾಲು ಜಾಗ ಇದೆ. ಕೇಳೋದು ನಿಮ್ಮ ಹಕ್ಕು.

ಮನೇಲಿ ಯಾರಿಗಾದ್ರೂ ಆಪರೇಷನ್ ಡೇಟ್ ಸಿಕ್ಕಿದ್ರೆ ಇದನ್ನ ಅಡುಗೆ ಮಾಡೋರಿಗೆ ಕಳಿಸಿ. ಕಾಮೆಂಟಲ್ಲಿ ಹೇಳಿ, ನಿಮ್ಮ ಮನೆ ಪಥ್ಯದ ಪಟ್ಟೀಲಿ ಏನೇನಿದೆ?

#ಮಂಡ್ಯ #ಮದ್ದೂರು #ಮಳವಳ್ಳಿ #ಪಥ್ಯ #ಹುರುಳಿಕಾಳು #ನಿಧಾನವಾಗಿತೂಕ