ಚಹಾ ಬೆಚ್ಚಗಿಡುವ ತಟ್ಟೆ: ಕೊಳ್ಳುವ ಮುನ್ನ ವಿಚಾರಿಸಿ

ವಿಜ್ಞಾನವು ದಿನಕ್ಕೊಂದು ಹೊಸ ಉಪಕರಣವನ್ನು ನಮ್ಮ ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಿದೆ. ಅವುಗಳಲ್ಲಿ ಓದುವ ಮೇಜಿನ ಮೇಲೆ ಇಡುವ ಚಿಕ್ಕ ವಿದ್ಯುತ್ ತಟ್ಟೆಯೂ ಒಂದು. ಅಂಗೈ ಅಗಲದ ಈ ತಟ್ಟೆಯ ಮೇಲೆ ಕಪ್ಪನ್ನು ಇಟ್ಟರೆ ಚಹಾ ಬೇಗ ಆರುವುದಿಲ್ಲ. ಪೇಟೆಯಲ್ಲಿ ಇದಕ್ಕೆ ‘ಮಗ್ ವಾರ್ಮರ್’ ಎನ್ನುತ್ತಾರೆ. ಮೊಬೈಲಿನಲ್ಲಿ ಚಿತ್ರ ನೋಡಿ ವಸ್ತು ತರಿಸುವ ಕಾಲ ಇದು. ಎಸ್.ಎಸ್.ಸಿ. ಪರೀಕ್ಷೆಗಾಗಿ ನಸುಕಿನಲ್ಲಿ ಎದ್ದು ಅಭ್ಯಾಸ ಮಾಡುವ ಮಗನಿಗೋ ಮಗಳಿಗೋ ಒಂದನ್ನು ಕೊಡಿಸೋಣವೆಂದು ಪಾಲಕರಿಗೆ ಅನ್ನಿಸುವುದು ಸಹಜ. ಕೊಡಿಸಲೇಬಾರದೆಂದು ನಾವು ಹೇಳುವುದಿಲ್ಲ. ಆದರೆ ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ನಾವು ಓದುವ ಉಷ್ಣದ ಪಾಠ ಉತ್ತರ ಪತ್ರಿಕೆಗಷ್ಟೇ ಮೀಸಲಾಗಬಾರದು. ಅದು ಪೇಟೆಯಲ್ಲಿಯೂ ಉಪಯೋಗಕ್ಕೆ ಬರಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲಿಗೆ ನಮ್ಮ ರೂಢಿಯನ್ನೇ ನೋಡೋಣ. ಸನಮಡಿಯಲ್ಲಾಗಲಿ ಜತ್ತದಲ್ಲಾಗಲಿ ನಾವು ಕುಡಿಯುವುದು ಚಿಕ್ಕ ಕಪ್ಪಿನ ಚಹಾ. ಅದು ಬೇಗ ಆರಲೆಂದು ಬಸಿಗೆ ಸುರಿದು ಕುಡಿಯುವವರೇ ನಮ್ಮಲ್ಲಿ ಅನೇಕರು. ಬಸಿಯಲ್ಲಿ ಆರಿಸಿ ಕುಡಿಯುವವರಿಗೆ ಆರದಂತೆ ಕಾಯುವ ಯಂತ್ರವೇಕೆ? ದೊಡ್ಡ ಮಗ್ಗಿನ ತುಂಬ ಚಹಾ ಹಿಡಿದುಕೊಂಡು ಒಂದು ತಾಸು ಗುಟುಕರಿಸುವವರ ರೂಢಿಗೆ ತಕ್ಕಂತೆ ಈ ತಟ್ಟೆ ಹುಟ್ಟಿದೆ. ಆ ರೂಢಿ ನಮ್ಮದಲ್ಲದಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಇನ್ನು ಈ ತಟ್ಟೆ ಏನು ಮಾಡಬಲ್ಲದು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಇಂಥ ಅನೇಕ ತಟ್ಟೆಗಳ ಶಕ್ತಿ ಸುಮಾರು 20 ವ್ಯಾಟ್. ಅಂದರೆ ಸೆಕೆಂಡಿಗೆ 20 ಜೂಲ್ ಉಷ್ಣ. 200 ಗ್ರಾಂ ತಣ್ಣನೆಯ ಚಹಾವನ್ನು 25 ಡಿಗ್ರಿಯಿಂದ 65 ಡಿಗ್ರಿಗೆ ಏರಿಸಲು ಸುಮಾರು 33,600 ಜೂಲ್ ಬೇಕು. ಒಂದಿಷ್ಟೂ ಉಷ್ಣ ಪೋಲಾಗದಿದ್ದರೂ ಇದಕ್ಕೆ 28 ನಿಮಿಷ ಹಿಡಿಯುತ್ತದೆ. ವಾಸ್ತವದಲ್ಲಿ ಕಪ್ಪು ಬಿಸಿಯಾದಂತೆಲ್ಲ ಉಷ್ಣ ಹೊರಗೆ ಹೋಗುತ್ತಲೇ ಇರುವುದರಿಂದ ಚಹಾ ಅಷ್ಟು ಬಿಸಿಯಾಗುವುದೇ ಕಷ್ಟ. ಆದ್ದರಿಂದ ಈ ತಟ್ಟೆ ಚಹಾವನ್ನು ಕಾಯಿಸುವುದಿಲ್ಲ, ಬಿಸಿಯಾಗಿದ್ದುದನ್ನು ಬೆಚ್ಚಗಿಡುತ್ತದೆ, ಅಷ್ಟೇ. ‘ಕಾಯಿಸುತ್ತದೆ’ ಎಂದು ಯಾರಾದರೂ ಹೇಳಿ ಮಾರಲು ಬಂದರೆ ಈ ಲೆಕ್ಕವನ್ನು ಅವರ ಮುಂದಿಡಬೇಕು.

ಬೆಚ್ಚಗಿಡುವ ಕೆಲಸಕ್ಕೆ ಇದಕ್ಕಿಂತ ಅಗ್ಗದ ಉಪಾಯವಿದೆ. ಚಹಾ ಆರುವುದಕ್ಕೆ ದೊಡ್ಡ ಕಾರಣ ಮೇಲಿನಿಂದ ಏಳುವ ಉಗಿ. ಒಂದು ಗ್ರಾಂ ನೀರು ಉಗಿಯಾಗಿ ಹೋಗುವಾಗ ಸುಮಾರು 2,300 ಜೂಲ್ ಉಷ್ಣವನ್ನು ಹೊತ್ತೊಯ್ಯುತ್ತದೆ. ಇಷ್ಟಕ್ಕೇ 200 ಗ್ರಾಂ ಚಹಾ ಎರಡೂವರೆ ಡಿಗ್ರಿಗಿಂತ ಹೆಚ್ಚು ತಣ್ಣಗಾಗುತ್ತದೆ. ಕಪ್ಪಿನ ಮೇಲೆ ಬಸಿಯನ್ನೇ ಬೋರಲು ಮುಚ್ಚಿದರೆ ಈ ನಷ್ಟ ಬಹಳಷ್ಟು ತಪ್ಪುತ್ತದೆ. ಕಂಬಳಿ ನಮ್ಮನ್ನು ಚಳಿಯಿಂದ ಕಾಯುವುದು ಅದರ ಎಳೆಗಳ ನಡುವೆ ನಿಂತ ಗಾಳಿಯಿಂದ. ದಪ್ಪ ಬಟ್ಟೆ ಸುತ್ತಿದ ಲೋಟದಲ್ಲಿಯೂ ಅದೇ ತತ್ತ್ವ ಕೆಲಸ ಮಾಡುತ್ತದೆ. 1892ರಲ್ಲಿ ಜೇಮ್ಸ್ ಡೆವಾರ್ ಎಂಬ ವಿಜ್ಞಾನಿ ಎರಡು ಗೋಡೆಗಳ ನಡುವೆ ನಿರ್ವಾತವಿರುವ ಪಾತ್ರೆಯನ್ನು ರೂಪಿಸಿದನು. ನಮ್ಮ ಥರ್ಮಾಸಿನ ಮೂಲ ಅದೇ. ಅದಕ್ಕೆ ಕರೆಂಟು ಬೇಡ, ವಾಯರು ಬೇಡ. ಅದನ್ನು ಹೊಲಕ್ಕೂ ಒಯ್ಯಬಹುದು. ವಿದ್ಯಾರ್ಥಿಗಳು ಇದನ್ನೆಲ್ಲ ಬರಿಯ ಮಾತಿನಲ್ಲಿ ನಂಬಬೇಕಾಗಿಲ್ಲ. ಒಂದೇ ಬಗೆಯ ಎರಡು ಕಪ್ಪುಗಳಲ್ಲಿ ಸಮನಾಗಿ ಬಿಸಿನೀರು ಹಾಕಿ, ಒಂದನ್ನು ಮುಚ್ಚಿ, ಒಂದನ್ನು ತೆರೆದಿಟ್ಟು, ಪ್ರಯೋಗಶಾಲೆಯ ಉಷ್ಣತಾಮಾಪಕದಿಂದ ಐದೈದು ನಿಮಿಷಕ್ಕೆ ಅಳೆದು ನೋಡಬಹುದು.

ಇಷ್ಟರ ಮೇಲೆಯೂ ತಟ್ಟೆ ಬೇಕೆನ್ನುವವರು ಇರಬಹುದು. ತಾಸುಗಟ್ಟಲೆ ಉತ್ತರ ಪತ್ರಿಕೆ ತಿದ್ದುವ ಗುರುಗಳು ಇದ್ದಾರೆ, ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಯುವ ಹಿರಿಯರು ಇದ್ದಾರೆ. ಕರೆಂಟಿನ ಬಿಲ್ಲಿಗೆ ಇವರು ಹೆದರಬೇಕಾಗಿಲ್ಲ. 20 ವ್ಯಾಟಿನ ತಟ್ಟೆಯನ್ನು ದಿನಕ್ಕೆ ಮೂರು ತಾಸು ಉರಿಸಿದರೂ ತಿಂಗಳಿಗೆ ಎರಡು ಯೂನಿಟ್ ಆಗುವುದಿಲ್ಲ. ನೋಡಬೇಕಾದದ್ದು ಸುರಕ್ಷತೆಯನ್ನು. ಐಎಸ್‌ಐ ಗುರುತೂ ಅದರ ಕೆಳಗೆ ಲೈಸೆನ್ಸ್ ಸಂಖ್ಯೆಯೂ ಇವೆಯೇ ಎಂದು ಪರೀಕ್ಷಿಸಬೇಕು. 230 ವೋಲ್ಟಿಗೆ ತಕ್ಕದ್ದೇ ಎಂದು ಓದಿಕೊಳ್ಳಬೇಕು. 110 ವೋಲ್ಟಿನ ಪರದೇಶದ ಮಾಲು ನಮ್ಮ ಪ್ಲಗ್ಗಿನಲ್ಲಿ ಸುಟ್ಟು ಹೋಗುತ್ತದೆ. ಲೋಹದ ಮೈಯಿದ್ದರೆ ಅರ್ಥಿಂಗಿನ ಮೂರನೆಯ ಕಡ್ಡಿ ಇರಬೇಕು, ಇಲ್ಲವೇ ಎರಡು ಪದರ ಅವಾಹಕವಿದೆ ಎಂದು ತಿಳಿಸುವ, ಒಂದರೊಳಗೊಂದು ಚೌಕದ ಗುರುತು ಇರಬೇಕು. ಕಪ್ಪಿನ ತಳ ಸಪಾಟಾಗಿರಬೇಕು. ತಳ ಒಳಕ್ಕೆ ತಗ್ಗಾಗಿದ್ದರೆ ತಟ್ಟೆಗೆ ತಗಲದೆ ಉಷ್ಣ ಸರಿಯಾಗಿ ಏರುವುದಿಲ್ಲ. ಪ್ಲಾಸ್ಟಿಕ್ ಕಪ್ಪನ್ನು ಇಡಲೇಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದು. ನಮ್ಮ ಕಡೆ ಕರೆಂಟು ಹೋಗುವುದು, ಬರುವುದು ಹೊಸದಲ್ಲ. ಓದುತ್ತ ಕುಳಿತಾಗ ಕರೆಂಟು ಹೋಯಿತೆಂದರೆ ನಾವು ಎದ್ದು ಹೊರಗೆ ಹೋಗುತ್ತೇವೆ. ಬಟನ್ ಹಾಗೆಯೇ ಉಳಿದಿರುತ್ತದೆ. ಎಲ್ಲರೂ ಹೊಲಕ್ಕೆ ಹೋದ ಮೇಲೆ ಕರೆಂಟು ಬಂದರೆ ತಟ್ಟೆ ತನ್ನಷ್ಟಕ್ಕೆ ಕಾಯತೊಡಗಬಹುದು. ಸುತ್ತಲೂ ಇರುವುದು ನೋಟುಪುಸ್ತಕ ಮತ್ತು ಕಟ್ಟಿಗೆಯ ಮೇಜು. ಉಷ್ಣ ಹರಿಯುವುದು ಬಿಸಿಯಿಂದ ತಂಪಿನ ಕಡೆಗೆ. ಆದ್ದರಿಂದ ಚಹಾವನ್ನು ಬೆಚ್ಚಗಿಡುವ ತಟ್ಟೆ ಚಹಾಕ್ಕಿಂತ ಹೆಚ್ಚು ಬಿಸಿಯಾಗಿಯೇ ಇರಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಕಪ್ಪು ಎತ್ತಿದೊಡನೆ ಆರುವ, ಗೊತ್ತಾದ ಹೊತ್ತಿನ ನಂತರ ತಾನೇ ಆರುವ, ಕರೆಂಟು ಹೋಗಿ ಬಂದರೆ ಆರಿಯೇ ಉಳಿಯುವ ತಟ್ಟೆಯನ್ನೇ ಆರಿಸಬೇಕು. ಕೊನೆಯ ಗುಣವನ್ನು ಪರೀಕ್ಷಿಸುವುದು ಸುಲಭ. ತಟ್ಟೆಯನ್ನು ಹಚ್ಚಿ, ಗೋಡೆಯ ಬಟನ್ ಆರಿಸಿ, ಮತ್ತೆ ಹಾಕಿ ನೋಡಿದರೆ ತಿಳಿಯುತ್ತದೆ. ಹೇಗಿದ್ದರೂ ಏಳುವಾಗ ಪ್ಲಗ್ಗು ಕೀಳುವ ರೂಢಿ ಇರಲೇಬೇಕು.

ಆರೋಗ್ಯದ ಮಾತನ್ನೂ ಸೇರಿಸುತ್ತೇವೆ. 65 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಪಾನೀಯದಿಂದ ಅನ್ನನಾಳದ ಕ್ಯಾನ್ಸರ್ ಬರುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2016ರಲ್ಲಿ ತಿಳಿಸಿತು. ಇತ್ತ 60 ಡಿಗ್ರಿಗಿಂತ ಕೆಳಗೆ ಹಾಲು ಬೆರೆತ ಚಹಾವನ್ನು ತಾಸುಗಟ್ಟಲೆ ಇಟ್ಟರೆ ರೋಗಾಣುಗಳು ಬೆಳೆಯಲು ಅವಕಾಶವಾಗುತ್ತದೆ. ಆದ್ದರಿಂದ ಬೆಳಗಿನ ಚಹಾವನ್ನು ಮಧ್ಯಾಹ್ನದವರೆಗೆ ತಟ್ಟೆಯ ಮೇಲೆ ಇಡುವುದು ತರವಲ್ಲ.

ನಮ್ಮ ಜತ್ತ ತಾಲೂಕು ಬರದ ನೆಲ. ಇಲ್ಲಿ ಪಾಲಕರ ಕೈಯಲ್ಲಿರುವ ಒಂದೊಂದು ರೂಪಾಯಿಯ ಹಿಂದೆ ಬಿಸಿಲಿನ ದುಡಿಮೆಯಿದೆ. ಮಕ್ಕಳು ಕೇಳಿದ್ದನ್ನು ಇಲ್ಲವೆನ್ನಲಾರದ ಮನಸ್ಸೂ ಅವರಿಗಿದೆ. ಹಾಗಿರುವಾಗ ಕೇಳುವ ಮೊದಲು ವಿಚಾರಿಸುವ ಹೊಣೆ ವಿದ್ಯಾರ್ಥಿಗಳಾದ ನಮ್ಮದು. ಇದು ಮಾಡುವ ಕೆಲಸವೇನು? ಅದೇ ಕೆಲಸವನ್ನು ಮನೆಯಲ್ಲಿರುವ ವಸ್ತು ಮಾಡಲಾರದೆ? ನಾವಿಲ್ಲದಾಗ ಇದು ಏನು ಮಾಡೀತು? ಈ ಮೂರು ಪ್ರಶ್ನೆಗಳನ್ನು ಯಾವ ಉಪಕರಣಕ್ಕಾದರೂ ಹಾಕಬಹುದು. ಉತ್ತರ ಸರಿಯೆನಿಸಿದರೆ ಅವಶ್ಯವಾಗಿ ಕೊಳ್ಳೋಣ. ಇಲ್ಲವಾದರೆ ಬಸಿಯನ್ನು ಕಪ್ಪಿನ ಮೇಲೆ ಮುಚ್ಚಿ, ಉಳಿದ ಹಣದಲ್ಲಿ ಒಂದು ಒಳ್ಳೆಯ ಪುಸ್ತಕ ಕೊಳ್ಳೋಣ.