ಬೊಜ್ಜಿಗೆ ನಾಲಗೆಯೊಂದೇ ಹೊಣೆಯೇ?

ಬೊಜ್ಜಿನ ಕುರಿತ ಚರ್ಚೆಗಳೆಲ್ಲವೂ ಕೊನೆಗೆ ಒಂದೇ ತೀರ್ಪಿಗೆ ಬಂದು ನಿಲ್ಲುತ್ತವೆ: ತಿನ್ನುವವನಿಗೆ ನಾಲಗೆಯ ಮೇಲೆ ಹಿಡಿತವಿಲ್ಲ. ವೈದ್ಯರೂ ಹೀಗೆನ್ನುತ್ತಾರೆ, ಮಂತ್ರಿಗಳೂ ಹೀಗೆನ್ನುತ್ತಾರೆ, ಮಿಂಬರ್‌ಗಳಿಂದಲೂ ಇದೇ ಮಾತು ಕೇಳಿಬರುತ್ತದೆ. ಈ ತೀರ್ಪು ಅರ್ಧಸತ್ಯ. ಉಳಿದರ್ಧ ಸತ್ಯಕ್ಕೆ ಉತ್ತರ ಹೇಳಬೇಕಾದವರನ್ನು ಅದು ಸದ್ದಿಲ್ಲದೆ ಪಾರುಮಾಡುತ್ತದೆ.

2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಅಧಿಕ ತೂಕ ಅಥವಾ ಬೊಜ್ಜು ಇದ್ದ ಮಹಿಳೆಯರ ಪ್ರಮಾಣ ಶೇ. 13ಕ್ಕಿಂತ ಕಡಿಮೆ, ಪುರುಷರ ಪ್ರಮಾಣ ಶೇ. 10ಕ್ಕಿಂತ ಕಡಿಮೆ. 2019-21ರ ಸಮೀಕ್ಷೆಯಲ್ಲಿ ಅದು ಕ್ರಮವಾಗಿ ಶೇ. 24 ಮತ್ತು ಸುಮಾರು ಶೇ. 23ಕ್ಕೆ ಏರಿತು. ಕರ್ನಾಟಕದಲ್ಲಂತೂ ಮಹಿಳೆಯರು, ಪುರುಷರು ಇಬ್ಬರಲ್ಲೂ ಶೇ. 30ನ್ನು ದಾಟಿದೆ. ಹದಿನೈದೇ ವರ್ಷಗಳಲ್ಲಿ ಕೋಟ್ಯಂತರ ಜನರ ಸಂಯಮ ಒಮ್ಮೆಲೇ ಕುಸಿದುಹೋಯಿತೆಂದು ನಂಬಬೇಕೇ? ಮನುಷ್ಯನ ನಾಲಗೆ ಅಂದಿನಂತೆಯೇ ಇದೆ. ಬದಲಾದದ್ದು ಅವನ ಬೀದಿ, ಅಂಗಡಿ, ಕೆಲಸ ಮತ್ತು ಸಂಜೆ. ಹಿತ್ತಿಲಿನ ಬಾಳೆಹಣ್ಣಿದ್ದ ಜಾಗದಲ್ಲಿ ಐದು ರೂಪಾಯಿಯ ಕುರುಕಲು ತಿಂಡಿಯ ಪೊಟ್ಟಣ ನೇತಾಡುತ್ತಿದೆ. ಮಕ್ಕಳು ಆಡುತ್ತಿದ್ದ ಬಯಲಲ್ಲಿ ಕಟ್ಟಡ ಎದ್ದಿದೆ.

ಸರಕಾರಕ್ಕೆ ಇದು ತಿಳಿಯದ ಸಂಗತಿಯೇನಲ್ಲ. 2025ರ ಫೆಬ್ರವರಿಯ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಬೊಜ್ಜಿನ ಅಪಾಯವನ್ನು ಪ್ರಸ್ತಾಪಿಸಿ, ಪ್ರತಿ ಮನೆಯೂ ಅಡುಗೆ ಎಣ್ಣೆಯನ್ನು ಶೇ. 10ರಷ್ಟು ಕಡಿಮೆ ಬಳಸಲಿ ಎಂದು ಕರೆಕೊಟ್ಟರು. ಒಳ್ಳೆಯ ಮಾತು. ಆದರೆ ಅದೇ ವರ್ಷದ ಸೆಪ್ಟೆಂಬರ್ 22ರಿಂದ ಚಾಕೊಲೇಟ್, ಬಿಸ್ಕತ್ತು, ಐಸ್‌ಕ್ರೀಂ, ಕರಿದ ಖಾರದ ತಿಂಡಿ, ದಿಢೀರ್ ನೂಡಲ್ಸ್‌ಗಳ ಮೇಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು. ಸಕ್ಕರೆ ಬೆರೆಸಿದ ಪಾನೀಯಗಳ ಮೇಲೆ ಶೇ. 40ರ ತೆರಿಗೆ ಇದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಹಾಗಾದರೆ ಸಕ್ಕರೆ ನೀರಿನಲ್ಲಿ ಕರಗಿದಾಗ ಮಾತ್ರ ಹಾನಿಕರವೇ? ಗೃಹಿಣಿಗೆ ಬಾಣಲೆಯ ಎಣ್ಣೆ ತಗ್ಗಿಸಲು ಉಪದೇಶ, ಕಂಪೆನಿಯ ಬಾಣಲೆಗೆ ರಿಯಾಯಿತಿ! ಇದನ್ನು ಆರೋಗ್ಯ ನೀತಿ ಎನ್ನಲಾಗದು.

ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ಆಹಾರವನ್ನು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಓದುಗರು ತಮ್ಮೂರಿನ ಶಾಲೆಯ ಮುಂದೆ ಒಮ್ಮೆ ನಿಂತು ನೋಡಲಿ. ಇದೇ ಪ್ರಾಧಿಕಾರ 2022ರಲ್ಲಿ ಪೊಟ್ಟಣಗಳ ಮೇಲೆ ನಕ್ಷತ್ರಗಳನ್ನು ಮುದ್ರಿಸುವ ಕರಡನ್ನು ಹೊರತಂದಿತು. ದಕ್ಷಿಣ ಅಮೆರಿಕದ ಚಿಲಿ ದೇಶವು 2016ರಿಂದಲೇ ಇಂತಹ ಪೊಟ್ಟಣಗಳ ಮೇಲೆ ಎಂಟು ಮೂಲೆಯ ಕಪ್ಪು ಎಚ್ಚರಿಕೆ ಚಿಹ್ನೆಯನ್ನು ಕಡ್ಡಾಯಗೊಳಿಸಿ, ಅವುಗಳನ್ನು ಶಾಲೆಯೊಳಗೆ ಮಾರದಂತೆ ತಡೆಯಿತು. ಓದು ಬಾರದ ತಾಯಿಗೂ ಕಪ್ಪು ಚಿಹ್ನೆ ಅರ್ಥವಾಗುತ್ತದೆ. ನಕ್ಷತ್ರವೋ, ಒಂದೇ ಇದ್ದರೂ ಬಹುಮಾನದಂತೆ ಕಾಣುತ್ತದೆ.

ಕೆಡುಕನ್ನು ತಡೆಯುವ ಬಗೆಯನ್ನು ನಮ್ಮ ಧರ್ಮಶಾಸ್ತ್ರ ಬೇರೆಯೇ ರೀತಿಯಲ್ಲಿ ಕಲಿಸಿದೆ. ತಿಂದು ಕುಡಿಯುವುದರಲ್ಲಿ ಮಿತಿ ಮೀರಬಾರದೆಂದು ಪವಿತ್ರ ಕುರ್‌ಆನ್ ವಿಧಿಸಿತು. ಹೊಟ್ಟೆಯ ಮೂರನೆಯ ಒಂದು ಭಾಗವನ್ನಷ್ಟೇ ಆಹಾರಕ್ಕೆ ಮೀಸಲಿಡುವ ಮಾದರಿಯನ್ನು ಪ್ರವಾದಿವರ್ಯರು(ಸ) ಕಲಿಸಿದರು. ಇಷ್ಟಕ್ಕೇ ಶರೀಅತ್ ನಿಲ್ಲಲಿಲ್ಲ. ಮದ್ಯದ ವಿಷಯದಲ್ಲಿ ಕುಡಿಯುವವನನ್ನು ಮಾತ್ರವಲ್ಲ, ಹಿಂಡುವವನನ್ನೂ ಹೊರುವವನನ್ನೂ ಮಾರುವವನನ್ನೂ ಹದೀಸ್ ತಪ್ಪಿನ ಪಾಲುದಾರರೆಂದಿತು. ಕೆಡುಕಿಗೆ ಒಯ್ಯುವ ದಾರಿಯನ್ನೇ ಮುಚ್ಚಬೇಕೆಂಬ ತತ್ವವನ್ನು ವಿಶೇಷವಾಗಿ ಮಾಲಿಕಿ ಮತ್ತು ಹಂಬಲಿ ವಿದ್ವಾಂಸರು ವಿಸ್ತರಿಸಿದರು. ಮುಸ್ಲಿಮ್ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ರೊಟ್ಟಿ ಸುಡುವವನ, ಮಾಂಸ ಮಾರುವವನ ಅಂಗಡಿಗೇ ಹೋಗಿ ತಪಾಸಣೆ ನಡೆಸುತ್ತಿದ್ದ. ಕುರುಕಲು ತಿಂಡಿ ಹರಾಮ್ ಎಂದು ಸಾರಲು ನಾವು ಹೊರಟಿಲ್ಲ. ಆ ಅಧಿಕಾರ ನಮಗಿಲ್ಲ. ಆದರೆ ಕೊಳ್ಳುವವನಿಗೆ ಬೋಧನೆ, ಮಾರುವವನಿಗೆ ಮೌನ ಎಂಬ ಪದ್ಧತಿಗೆ ನಮ್ಮ ಪರಂಪರೆಯಲ್ಲಿ ಆಧಾರವಿಲ್ಲ ಎಂದು ಖಂಡಿತ ಹೇಳಬಲ್ಲೆವು.

ಇನ್ನು ಜಮಾಅತ್‌ಗಳ ವಿಷಯ. ಸರಕಾರವನ್ನು ಪ್ರಶ್ನಿಸುವ ಸಮುದಾಯ ತನ್ನ ಅಂಗಳವನ್ನೂ ನೋಡಿಕೊಳ್ಳಬೇಕು. ವಲೀಮಾ ಸುನ್ನತ್. ಆದರೆ ಬಿರಿಯಾನಿಯ ಜೊತೆ ಹತ್ತು ಬಗೆಯ ಕರಿದ ಖಾದ್ಯ, ಎರಡು ಬಗೆಯ ಸಿಹಿ, ಮೇಲೊಂದು ತಂಪು ಪಾನೀಯ ಇರಲೇಬೇಕೆಂಬುದು ಯಾವ ಸುನ್ನತ್? ಹಗಲಿಡೀ ಹಸಿವನ್ನು ಜಯಿಸಿದ ಉಪವಾಸಿಗನ ಮುಂದೆ ಇಫ್ತಾರ್ ಕೂಟವು ಎಣ್ಣೆಯ ಬೆಟ್ಟವನ್ನೇ ಇಡುತ್ತದೆ. ಬೆಳಗಿನ ಮದ್ರಸಕ್ಕೆ ಬರಿಹೊಟ್ಟೆಯಲ್ಲಿ ಓಡಿಬರುವ ಮಗುವಿಗೆ ಗೇಟಿನ ಬಳಿ ಸಿಗುವುದು ಅದೇ ಪೊಟ್ಟಣ. ಇನ್ನು ನಮ್ಮ ಹೆಣ್ಣುಮಕ್ಕಳು! ಅವರಿಗೆ ನಡೆಯಲು ವೈದ್ಯರು ಹೇಳುತ್ತಾರೆ, ಎಲ್ಲಿ ನಡೆಯಬೇಕೆಂದು ಯಾರೂ ಹೇಳುವುದಿಲ್ಲ. ಓಣಿಯಲ್ಲಿ ಕಾಲುದಾರಿಯಿಲ್ಲ, ಸಂಜೆಗೆ ಬೆಳಕಿಲ್ಲ, ಹೊರಟರೆ ಕೇಳುವ ಕಣ್ಣುಗಳು ನೂರು. ನಾಲ್ಕು ಗೋಡೆಯೊಳಗೆ ಮೈ ಬೆಳೆದರೆ ಸೋಮಾರಿಗಳೆಂಬ ಬಿರುದು. ಇದಕ್ಕಿಂತ ದೊಡ್ಡ ಅನ್ಯಾಯ ಉಂಟೇ?

ಬಡ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ಕೆಲವರು ಹೇಳಬಹುದು. ಅವನ ಅಂಗಡಿ ಮುಚ್ಚಲಿ ಎಂದು ಯಾರೂ ಹೇಳುತ್ತಿಲ್ಲ. ಬೇಯಿಸಿದ ನೆಲಗಡಲೆ, ಕಡಲೆ ಉಸಲಿ, ಬಾಳೆಹಣ್ಣು, ಮಜ್ಜಿಗೆಯಿಂದಲೂ ಲಾಭ ಬರುತ್ತದೆ. ಅವನು ಸರಕು ಬದಲಿಸುವವರೆಗೆ ಕೈಹಿಡಿಯಬೇಕಾದದ್ದು ಜಮಾಅತ್.

ಆದುದರಿಂದ ಜಮಾಅತ್ ಸಮಿತಿಗಳು ಮದ್ರಸದ ಗೇಟಿಗೂ 50 ಮೀಟರ್‌ಗಳ ನಿಯಮವನ್ನು ತಾವಾಗಿಯೇ ಅನ್ವಯಿಸಲಿ. ವಲೀಮಾ ಊಟಕ್ಕೊಂದು ಮಿತಿಯನ್ನು ಠರಾವಿನ ಮೂಲಕ ನಿಗದಿಪಡಿಸಿ, ಅದನ್ನು ಮೊದಲು ಶ್ರೀಮಂತರ ಮನೆಯಲ್ಲೇ ಪಾಲಿಸಲಿ. ಮಸೀದಿ ಅಥವಾ ಶಾಲೆಯ ಖಾಲಿ ಅಂಗಳವನ್ನು ದಿನಕ್ಕೊಂದು ತಾಸು ಮಹಿಳೆಯರ ನಡಿಗೆಗೆಂದೇ ಬಿಟ್ಟುಕೊಡಲಿ. ಕಾಲುದಾರಿ, ಬೀದಿದೀಪ, ಆಟದ ಬಯಲಿಗಾಗಿ ಪಂಚಾಯತ್ ಮತ್ತು ನಗರಸಭೆಯ ಬಾಗಿಲು ತಟ್ಟಲಿ. ಶರೀರವು ಅಲ್ಲಾಹನು ಒಪ್ಪಿಸಿದ ಅಮಾನತ್. ಅದನ್ನು ಕಾಯುವ ಹೊಣೆ ಒಬ್ಬನದಾದರೂ, ಅವನು ಕಾಯಲಾಗದಂತಹ ಊರನ್ನು ಕಟ್ಟಿದ್ದಕ್ಕೆ ಎಲ್ಲರೂ ಉತ್ತರ ಹೇಳಬೇಕಾಗುತ್ತದೆ.